‘ರಿವರ್ಟ್ ಮಾಡಿ’ ಅಂತ ಬರೆಯೋದನ್ನು ಬಿಟ್ಟೆ

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಆರ್ಡರ್ ನೋಡಿಕೊಳ್ಳುವ ಕೆಲಸ ನನ್ನದು. ಗಿರಾಕಿಗಳಿಗೆ ಮೇಲ್, ಶಾಪ್ ಫ್ಲೋರ್‌ಗೆ ವಾಟ್ಸಾಪ್. ದಿನವಿಡೀ ಬರೆಯುವುದೇ.

ಒಮ್ಮೆ ಜರ್ಮನಿಯ ಗಿರಾಕಿಗೆ ‘ಡ್ರಾಯಿಂಗ್ ರಿವಿಷನ್ ಸಿ, ಪ್ಲೀಸ್ ರಿವರ್ಟ್’ ಅಂತ ಮೇಲ್ ಹಾಕಿದೆ. ನೋಡಿ ಉತ್ತರ ಕೊಡಿ ಅಂತ ನನ್ನ ಮಾತು. ನಮ್ಮಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ, ಅಲ್ವಾ? ಆದರೆ ಆ ಪದದ ಮೂಲ ಅರ್ಥ, ಮೊದಲಿದ್ದ ಸ್ಥಿತಿಗೆ ಹೋಗು ಅಂತ. ನಾವು ‘ಸಿ’ ಬಿಟ್ಟು ಹಳೆಯ ‘ಬಿ’ ಡ್ರಾಯಿಂಗ್ ಕೇಳುತ್ತಿದ್ದೇವೆ ಅಂದುಕೊಂಡು ಅವರು ಡಿಸೈನ್‌ನವರನ್ನು ಕೂರಿಸಿ ಚರ್ಚೆ ಮಾಡಿದರು. ಅಪ್ರೂವಲ್ ನಾಲ್ಕು ದಿನ ತಡವಾಯಿತು.

ಆ ಸಂಜೆ ಕೂತು ನಾನು ಕಳಿಸಿದ್ದ ಹಳೆಯ ಮೇಲ್‌ಗಳನ್ನೆಲ್ಲ ಓದಿದೆ. ‘ಇಒಡಿ ಒಳಗೆ ಕೊಡಿ’, ಅಂದರೆ ದಿನ ಮುಗಿಯುವುದರೊಳಗೆ (ಎಂಡ್ ಆಫ್ ಡೇ) ಕೊಡಿ, ಅಂತ ಎಷ್ಟು ಸಲ ಬರೆದಿದ್ದೆನೋ! ಆಫೀಸಿನವರಿಗೆ ದಿನ ಮುಗಿಯುವುದು ಸಂಜೆ 6ಕ್ಕೆ. ಸೆಕೆಂಡ್ ಶಿಫ್ಟ್‌ನವರಿಗೆ ರಾತ್ರಿ 10ಕ್ಕೆ. ಲಾರಿ ಹೊರಡುವುದು 7ಕ್ಕೆ. ಮಾಲು ಯಾಕೆ ಉಳಿದುಹೋಗುತ್ತಿತ್ತು ಅಂತ ಆಗ ತಿಳಿಯಿತು.

‘ಅಲೈನ್ ಆಗೋಣ’ ಅನ್ನುವುದೂ ಅಷ್ಟೇ. ನಮ್ಮ ಶಾಪ್‌ನಲ್ಲಿ ಅಲೈನ್‌ಮೆಂಟ್ ಅಂದರೆ ಅಳತೆಯ ಡಯಲ್ ಇಟ್ಟು, ಮುಳ್ಳು ಎಷ್ಟು ಓಡುತ್ತದೆ ನೋಡಿ ಸರಿಮಾಡುವುದು. ಅದು ನಿಜವಾದ ಕೆಲಸ. ಮೇಲ್‌ನ ‘ಅಲೈನ್’ನಲ್ಲಿ ಏನು ಮಾಡಬೇಕು ಅನ್ನುವುದೇ ಇರುವುದಿಲ್ಲ. ಟಾಲರೆನ್ಸ್, ರೀವರ್ಕ್, ರಿಜೆಕ್ಷನ್ ಇಂಥ ಪದಗಳ ಮೇಲೆ ನನಗೆ ಜಗಳ ಇಲ್ಲ. ಅವು ಎಲ್ಲರಿಗೂ ಒಂದೇ ಅರ್ಥ ಕೊಡುತ್ತವೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಮೇಲ್ ಕಳಿಸುವ ಮುಂಚೆ, ಅದನ್ನೇ ನಮ್ಮ ಶಿಫ್ಟ್ ಸೂಪರ್‌ವೈಸರ್‌ಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಂದುಕೊಳ್ಳುತ್ತೇನೆ. ‘ಸರ್, ಈಗ ನಾನೇನು ಮಾಡಬೇಕು?’ ಅಂತ ಅವರು ಕೇಳುವ ಹಾಗಿದ್ದರೆ ಮತ್ತೆ ಬರೆಯುತ್ತೇನೆ.

ಬುಷ್ ಅಂದರೆ ಶಾಫ್ಟ್ ಕೂರುವ ಬಳೆಯಂಥ ಭಾಗ. ಅದರ ಬಗ್ಗೆ ಮೊದಲು ಹೀಗೆ ಬರೆಯುತ್ತಿದ್ದೆ: ‘ಬುಷ್ ಇಶ್ಯೂ ಬಗ್ಗೆ ಎಲ್ಲ ಸ್ಟೇಕ್‌ಹೋಲ್ಡರ್‌ಗಳು ಅಲೈನ್ ಆಗಿ, ಪ್ರೋಆಕ್ಟಿವ್ ಆಗಿ ಕ್ಲೋಸ್ ಮಾಡಿ.’ ಈಗ: ‘40 ಬುಷ್‌ಗಳ ಒಳವ್ಯಾಸ 0.04 ಮಿ.ಮೀ. ಜಾಸ್ತಿ ಬಂದಿದೆ. ಕ್ವಾಲಿಟಿಯವರು ನಾಳೆ ಬೆಳಿಗ್ಗೆ 11ರೊಳಗೆ ಉಳಿದ ಲಾಟ್ ಅಳೆದು ನನಗೆ ತಿಳಿಸಿ, ದಯವಿಟ್ಟು.’

ಕಷ್ಟವಾಗಿದ್ದು ಪದ ಹುಡುಕುವುದಲ್ಲ. ‘ಕೆಲವು ಚಾಲೆಂಜಸ್ ಇವೆ’ ಅಂತ ಬರೆದಾಗ, ತಡ ಮಾಡಿದ್ದು ನಾವೇ ಅನ್ನುವುದು ಮರೆಯಾಗುತ್ತಿತ್ತು. ‘ನಮ್ಮಿಂದ ಮೂರು ದಿನ ತಡ, ಶುಕ್ರವಾರ ಕಳಿಸುತ್ತೇವೆ’ ಅಂತ ಮೊದಲ ಸಲ ಟೈಪ್ ಮಾಡಿದಾಗ ಸೆಂಡ್ ಒತ್ತಲು ಕೈ ಬರಲಿಲ್ಲ. ಒತ್ತಿದೆ. ಗಿರಾಕಿ ರೇಗಲಿಲ್ಲ. ‘ಸರಿ, ಶುಕ್ರವಾರ’ ಅಂತ ಒಂದೇ ಸಾಲು ಬಂತು.

ಇಷ್ಟು ನೇರವಾಗಿ ಬರೆದರೆ ಸಣ್ಣ ಕಂಪನಿ ಅನ್ನಿಸುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಮ್ಮ ಗೇಟಿನ ಮೇಲೆ ಐಎಸ್‌ಒ 9001 ಅನ್ನುವ ಗುಣಮಟ್ಟದ ಮಾನದಂಡದ ಬೋರ್ಡ್ ಇದೆ. ಅದೇ ಐಎಸ್‌ಒ ಸರಳ ಭಾಷೆಗೂ 2023ರಲ್ಲಿ ಒಂದು ಮಾನದಂಡ ತಂದಿದೆ, 24495-1. ಓದುವವರಿಗೆ ಬೇಕಾದ್ದು ಸಿಗಬೇಕು, ಸುಲಭವಾಗಿ ಕಣ್ಣಿಗೆ ಬೀಳಬೇಕು, ಅರ್ಥವಾಗಬೇಕು, ಬಳಸಲು ಬರಬೇಕು ಅನ್ನುತ್ತದೆ ಅದು. ಅದನ್ನು ತೋರಿಸಿದೆ.

ಮೇಲಿನವರ ಮೇಲ್ ತಿದ್ದಲು ಆಗುವುದಿಲ್ಲ. ‘ಬ್ಯಾಂಡ್‌ವಿಡ್ತ್ ನೋಡಿ ಸರ್ಕಲ್ ಬ್ಯಾಕ್ ಮಾಡಿ’ ಅಂತ ಬಂದರೆ, ‘ಸರ್, ಗುರುವಾರ ಎರಡು ಮಷಿನ್ ಖಾಲಿ ಇದೆಯಾ ನೋಡಿ ನಿಮಗೆ ಫೋನ್ ಮಾಡಬೇಕು, ಸರಿನಾ?’ ಅಂತ ಕೇಳುತ್ತೇನೆ. ‘ಹೌದು, ಅದೇ’ ಅನ್ನುತ್ತಾರೆ. ಒಂದು ಸಲ ಮಾತ್ರ ‘ಅಲ್ಲಪ್ಪ, ಬುಧವಾರ’ ಅಂದರು.