ಹೆಗಲು ಮುಟ್ಟಿಕೊಂಡವನೆಲ್ಲ ಕಳ್ಳನಲ್ಲ: ತಪಾಸಣೆ, ತನಿಖೆಯಲ್ಲಿ ಪೂರ್ವಗ್ರಹಕ್ಕೆ ತಡೆ ಹಾಕುವ ಬಗೆ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ತನಿಖೆಯ ಮಟ್ಟಿಗೆ ಅಪಾಯಕಾರಿ. ಮೇಲಿಂದ ಮೇಲೆ ಅನುಮಾನಕ್ಕೆ ಗುರಿಯಾದವನು ಏನೂ ಕದಿಯದೆಯೂ ಹೆಗಲು ಮುಟ್ಟಿಕೊಳ್ಳುತ್ತಾನೆ. ಗೇಟಿನಲ್ಲಿ ದಿನಾ ತಡೆಸಿಕೊಳ್ಳುವವನಿಗೆ ಸಮವಸ್ತ್ರ ಕಂಡರೇ ಬೆವರು. ಆ ಬೆವರು ಕಂಡು ಮತ್ತೆ ತಡೆಯುತ್ತೇವೆ. ಮುಖ, ಮಾತು ನೋಡಿ ಸುಳ್ಳು ಪತ್ತೆ ಮಾಡುವ ಸಾಮರ್ಥ್ಯದ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಮನಶ್ಶಾಸ್ತ್ರಜ್ಞರಾದ ಬಾಂಡ್ ಮತ್ತು ಡಿಪೌಲೊ 2006ರಲ್ಲಿ ಒಟ್ಟುಗೂಡಿಸಿದಾಗ ಸಿಕ್ಕ ಸರಾಸರಿ ಯಶಸ್ಸು ಸುಮಾರು 54 ಶೇಕಡಾ. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಮೂರು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಒಂದು ಗುಂಪಿನ ಬಗ್ಗೆ ಮೊದಲೇ ಕಟ್ಟಿಕೊಂಡ ಅಭಿಪ್ರಾಯ ಪೂರ್ವಗ್ರಹ. ಸಾಕ್ಷ್ಯ ತೂಗುವಾಗ ತಕ್ಕಡಿ ಒಂದು ಕಡೆಗೆ ಜಗ್ಗುವುದು ಒಲವು. ಯಾರ ಮೇಲೂ ದ್ವೇಷವಿಲ್ಲದವರಲ್ಲೂ ಇದು ಇರುತ್ತದೆ. ತಾರತಮ್ಯ ಎಂಬುದು ಕೃತ್ಯ: ಯಾರನ್ನು ತಡೆದಿರಿ, ಯಾರ ದೂರು ಬರೆದುಕೊಳ್ಳಲಿಲ್ಲ. ಮನಸ್ಸಿನೊಳಗಿನದನ್ನು ಅಳೆಯಲಾಗದು, ರಿಜಿಸ್ಟರಿನಲ್ಲಿರುವುದನ್ನು ಎಣಿಸಬಹುದು. ಎಲ್ಲರಿಗೂ ಒಂದೇ ಎನ್ನಿಸುವ ನಿಯಮವೂ ಒಂದೇ ಗುಂಪಿನ ಮೇಲೆ ಬೀಳಬಹುದು. ‘ರಾತ್ರಿ ಹತ್ತರ ನಂತರ ಹೊರಹೋಗುವವರ ಚೀಲ ಪರೀಕ್ಷಿಸಿ’ ಎಂದರೆ ಸಿಕ್ಕಿಬೀಳುವವರು ದಿನವೂ ರಾತ್ರಿ ಪಾಳಿಯ ಸ್ವಚ್ಛತಾ ಸಿಬ್ಬಂದಿ ಮಾತ್ರ.

ಗೇಟಿನ ಕೆಲಸ

ಯಾರ ಚೀಲ ತೆರೆಸಬೇಕು ಎಂಬುದನ್ನು ಕಾವಲುಗಾರನ ಕಣ್ಣಿಗೆ ಬಿಡಬೇಡಿ. ‘ಪ್ರತಿ ಹತ್ತನೆಯವರು’ ಎಂಬ ನಿಯಮ ಕಾಗದದಲ್ಲಿ ಚೆನ್ನ. ಆದರೆ ಹತ್ತನೆಯವರು ದೊಡ್ಡ ಸಾಹೇಬರಂತೆ ಕಂಡರೆ ಎಣಿಕೆ ಹನ್ನೊಂದಕ್ಕೆ ಜಾರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಂದೇ ಗಾತ್ರದ ಹತ್ತು ಬಿಲ್ಲೆ ಹಾಕಿ, ಒಂದು ಮಾತ್ರ ಕೆಂಪಗಿರಲಿ. ಬಂದವರೇ ಎತ್ತಲಿ, ನೋಡಿ ಮತ್ತೆ ಒಳಗೆ ಹಾಕಲಿ. ಕೆಂಪು ಬಂದರೆ ತಪಾಸಣೆ. ಯಾರಿಗೂ ವಿನಾಯಿತಿ ಇಲ್ಲ. ಒಮ್ಮೆ ಒಬ್ಬರನ್ನು ಬಿಟ್ಟರೂ ಡಬ್ಬಿ ಬರೀ ತೋರಿಕೆಯಾಗುತ್ತದೆ.

ಅನುಮಾನದ ಮೇಲೆ ತಡೆದದ್ದನ್ನು ಪ್ರತ್ಯೇಕ ಪುಟದಲ್ಲಿ ಬರೆಯಿರಿ: ಸಮಯ, ಸ್ಥಳ, ಕಾರಣ, ಏನು ಸಿಕ್ಕಿತು. ಕಾರಣದ ಕಲಂನಲ್ಲಿ ‘ಸಂಶಯಾಸ್ಪದವಾಗಿ ಕಂಡ’ ಎಂದು ಬರೆಯುವುದಕ್ಕೆ ಅವಕಾಶವಿರಬಾರದು. ‘ಮೂರು ಕಾರುಗಳ ಬಾಗಿಲ ಹಿಡಿಕೆ ಎಳೆದು ನೋಡಿದ’ ಎಂಬುದು ಕಾರಣ. ‘ಇಲ್ಲಿಯವನಂತೆ ಕಾಣಲಿಲ್ಲ’ ಎಂಬುದು ಕಾರಣವಲ್ಲ. ಬರೆಯುವ ಮೊದಲು ಒಂದು ಪ್ರಶ್ನೆ ಸಾಕು: ಇದೇ ಕೆಲಸವನ್ನು ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಮಾಡಿದ್ದರೆ ತಡೆಯುತ್ತಿದ್ದೆನೇ?

ಮೂರು ತಿಂಗಳಿಗೊಮ್ಮೆ ಆ ಪುಟಗಳನ್ನು ಕೂಡಿಸಿ. ಒಂದು ಗುಂಪಿನ 100 ಜನರನ್ನು ತಡೆದಾಗ 5 ಜನರ ಬಳಿ, ಇನ್ನೊಂದು ಗುಂಪಿನ 20 ಜನರನ್ನು ತಡೆದಾಗ 4 ಜನರ ಬಳಿ ನಿಷಿದ್ಧ ವಸ್ತು ಸಿಕ್ಕಿತೆನ್ನಿ. ‘ನೋಡಿ, ಅವರೇ ಹೆಚ್ಚು ಸಿಕ್ಕಿಬೀಳೋದು’ ಎಂದು ಗೇಟಿನವರು ಆ 5ನ್ನು ತೋರಿಸುತ್ತಾರೆ. ನೋಡಬೇಕಾದದ್ದು 5 ಶೇಕಡಾ ಮತ್ತು 20 ಶೇಕಡಾ. ಮೊದಲ ಗುಂಪಿನವರನ್ನು ತೀರಾ ತೆಳುವಾದ ಕಾರಣಕ್ಕೂ ತಡೆಯುತ್ತಿದ್ದಾರೆ ಎಂಬ ಸುಳಿವು ಅದು. ಇಷ್ಟು ಸಣ್ಣ ಸಂಖ್ಯೆಯಿಂದ ಯಾರ ಮೇಲೂ ಆರೋಪ ಹೊರಿಸಲಾಗದು; ಕಾರಣದ ಕಲಂ ಮತ್ತೆ ಓದಲು ಇಷ್ಟು ಸಾಕು.

ತನಿಖೆಯಲ್ಲಿ

ಇಂಗ್ಲೆಂಡಿನ ಯಾರ್ಕ್‌ಶೈರ್ ಸರಣಿ ಕೊಲೆಗಳ ತನಿಖೆಯಲ್ಲಿ ಪೂರ್ವಗ್ರಹ, ಒಲವು ಎರಡೂ ಒಟ್ಟಿಗೆ ಕೆಲಸ ಮಾಡಿದವು. ಹಂತಕ ವೇಶ್ಯೆಯರನ್ನಷ್ಟೇ ಹುಡುಕುತ್ತಾನೆಂದು ಅಧಿಕಾರಿಗಳು ನಂಬಿದ್ದರು. ಹಾಗಾಗಿ 1975ರಲ್ಲಿ ಹಲ್ಲೆಗೊಳಗಾಗಿ ಬದುಕುಳಿದ 14 ವರ್ಷದ ಹುಡುಗಿ ಹೇಳಿದ ಚಹರೆ ಆ ಸರಣಿಗೆ ಸೇರಲೇ ಇಲ್ಲ. 1979ರಲ್ಲಿ ‘ನಾನೇ ಕೊಂದೆ’ ಎಂಬ ಧ್ವನಿಸುರುಳಿ ಬಂತು. ಅದರಲ್ಲಿದ್ದ ಉಚ್ಚಾರಣೆ ಇಲ್ಲದವರನ್ನು ಶಂಕಿತರ ಪಟ್ಟಿಯಿಂದ ಕೈಬಿಡುತ್ತ ಹೋದರು. ಸುರುಳಿ ನಕಲಿ. ನಿಜವಾದ ಹಂತಕ ಪೀಟರ್ ಸಟ್‌ಕ್ಲಿಫ್‌ನನ್ನು ಪೊಲೀಸರು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. 1981ರ ಜನವರಿಯಲ್ಲಿ ಸಿಕ್ಕಿಬಿದ್ದದ್ದು ಕಾರಿನ ಸುಳ್ಳು ನಂಬರ್ ಪ್ಲೇಟಿನಿಂದ.

ಇದನ್ನು ತಡೆಯಲು ಎರಡು ಅಭ್ಯಾಸ ಬೇಕು. ಕೈಬಿಟ್ಟ ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ಆಧಾರದ ಮೇಲೆ ಬಿಟ್ಟಿರಿ ಎಂದು ಬರೆಯಿರಿ. ಆ ಆಧಾರ ಕುಸಿದ ದಿನ ಅದರ ಮೇಲೆ ಬಿಟ್ಟವರೆಲ್ಲ ಪಟ್ಟಿಗೆ ವಾಪಸ್. ಎರಡನೆಯದು, ಊಹೆಗಳ ಕೋಷ್ಟಕ. ಕನಿಷ್ಠ ಮೂರು ಊಹೆಗಳಿಗೆ ಮೂರು ಕಲಂ, ಪ್ರತಿ ಸಾಕ್ಷ್ಯಕ್ಕೆ ಒಂದು ಸಾಲು. ಯಾವುದು ಯಾವ ಊಹೆಗೆ ಹೊಂದುತ್ತದೆ ಎಂದು ಎಣಿಸಬೇಡಿ. ಕಾಮಾಲೆ ಕಣ್ಣಿಗೆ ಎಲ್ಲವೂ ಹೊಂದುತ್ತದೆ. ಯಾವ ಊಹೆಗೆ ವಿರುದ್ಧ ಎಂಬುದನ್ನಷ್ಟೇ ಗುರುತಿಸಿ. ಮೂರಕ್ಕೂ ಹೊಂದುವ ಸಾಕ್ಷ್ಯದಿಂದ ಯಾವುದನ್ನೂ ತೀರ್ಮಾನಿಸಲಾಗದು, ಹೊಡೆದುಹಾಕಿ. ಉಳಿದ ವಿರೋಧಗಳು ಯಾವ ಕಲಂನಲ್ಲಿ ಕಡಿಮೆಯೋ ಅದನ್ನು ಮುಂದೆ ಪರೀಕ್ಷಿಸಿ.

ಮೊದಲು ಬರೆ, ಆಮೇಲೆ ನೋಡು

ಬೆರಳಚ್ಚಿನಂಥ ಭೌತಿಕ ಸಾಕ್ಷ್ಯ ಒಲವಿಗೆ ಬಗ್ಗದು ಎಂಬ ನಂಬಿಕೆ ತಪ್ಪು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ, ಡಿಟೊನೇಟರ್‌ಗಳಿದ್ದ ಚೀಲದ ಮೇಲೆ ಸಿಕ್ಕ ಅಚ್ಚು ಅಮೆರಿಕದ ಆರೆಗನ್ ರಾಜ್ಯದ ಒಬ್ಬ ವಕೀಲರದ್ದೆಂದು ಎಫ್‌ಬಿಐ ತಜ್ಞರು ಹೇಳಿದರು. ಎರಡು ವಾರ ಬಂಧನ. ಅಚ್ಚು ಅಲ್ಜೀರಿಯಾದ ಬೇರೊಬ್ಬನದೆಂದು ಸ್ಪೇನ್ ಪೊಲೀಸರು ಕಂಡುಹಿಡಿದರು. ಮೊದಲ ತಪ್ಪು ಹೋಲಿಕೆಯಾದಾಗ ತಜ್ಞರಿಗೆ ಆ ವಕೀಲರ ಧರ್ಮ ಗೊತ್ತಿರಲಿಲ್ಲ. ಅವರು ಮುಸ್ಲಿಂ ಎಂಬುದು ತಿಳಿದ ಮೇಲೆ, ಸ್ಪೇನ್ ಆಕ್ಷೇಪಿಸಿದರೂ ತಪ್ಪನ್ನು ಮರುಪರಿಶೀಲಿಸದಿರಲು ಅದೂ ಒಂದು ಕಾರಣವಾಗಿರಬಹುದು ಎಂದಿತು ನಂತರದ ವಿಚಾರಣಾ ವರದಿ. ಶಂಕಿತನ ಅಚ್ಚು ನೋಡಿದ ಮೇಲೆ ಚೀಲದ ಅಚ್ಚಿನಲ್ಲಿ ಇಲ್ಲದ ಗುರುತುಗಳೂ ‘ಕಂಡಿದ್ದವು’.

ಆದ್ದರಿಂದ ಕ್ರಮ ಹೀಗಿರಲಿ. ಸ್ಥಳದಲ್ಲಿ ಸಿಕ್ಕ ಅಚ್ಚನ್ನು ಮಾತ್ರ ಮೊದಲು ನೋಡಿ, ಕಂಡ ಗುರುತುಗಳನ್ನೆಲ್ಲ ಬರೆದು ಸಹಿ, ಸಮಯ ಹಾಕಿ. ಆಮೇಲಷ್ಟೇ ಶಂಕಿತನ ಅಚ್ಚು ತೆರೆಯಿರಿ. ನಂತರ ಏನಾದರೂ ತಿದ್ದಿದರೆ ಬೇರೆ ಬಣ್ಣದ ಶಾಯಿ. ಎರಡನೇ ತಜ್ಞರಿಗೆ ಮೊದಲನೆಯವರ ತೀರ್ಮಾನ, ಶಂಕಿತನ ಹೆಸರು, ಹಿನ್ನೆಲೆ ಯಾವುದೂ ತಲುಪಬಾರದು. ‘ಒಮ್ಮೆ ಚೆಕ್ ಮಾಡಿ, ಸೇಮ್ ಇದೆ’ ಎಂಬ ಒಂದು ಫೋನ್ ಕರೆ ಈ ಇಡೀ ಏರ್ಪಾಟನ್ನು ಕೆಡಿಸುತ್ತದೆ. ಸಿಸಿಟಿವಿ ದೃಶ್ಯಕ್ಕೂ ಇದೇ ಕ್ರಮ: ಶಂಕಿತನ ಫೋಟೊ ನೋಡುವ ಮೊದಲೇ ದೃಶ್ಯದಲ್ಲಿರುವವನ ಚಹರೆ ಬರೆದಿಡಿ. ಮುಖ ಗುರುತಿಸುವ ಸಾಫ್ಟ್‌ವೇರ್ ಕೊಟ್ಟ ಹೆಸರು ಬರೀ ಸುಳಿವು. ಅದೊಂದನ್ನೇ ನಂಬಿ ಬಂಧಿಸಬೇಡಿ. 2019ರಲ್ಲಿ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಪರೀಕ್ಷಿಸಿದ ಅನೇಕ ಸಾಫ್ಟ್‌ವೇರ್‌ಗಳು ಕಪ್ಪು ವರ್ಣೀಯರ ಮತ್ತು ಏಷ್ಯನ್ನರ ಮುಖಗಳಲ್ಲಿ ಬಿಳಿಯರ ಮುಖಗಳಿಗಿಂತ 10ರಿಂದ 100 ಪಟ್ಟು ಹೆಚ್ಚು ತಪ್ಪು ಹೋಲಿಕೆ ಕೊಟ್ಟಿದ್ದವು.

ಗುರುತು ಪತ್ತೆ ಪರೇಡಿನಲ್ಲಿ ಒಬ್ಬನೇ ಶಂಕಿತ ಇರಲಿ, ಜತೆಗೆ ಕನಿಷ್ಠ ಐವರು. ಆ ಐವರು ಸಾಕ್ಷಿ ಹೇಳಿದ ಚಹರೆಗೆ ಹೊಂದಬೇಕು. ಗಡ್ಡದವನನ್ನು ನೋಡಿದೆ ಎಂದವರ ಮುಂದೆ ಒಬ್ಬನಿಗಷ್ಟೇ ಗಡ್ಡವಿದ್ದರೆ ಅದು ಪರೇಡೇ ಅಲ್ಲ. ನಡೆಸುವವರಿಗೆ ಶಂಕಿತ ಯಾರೆಂದು ಗೊತ್ತಿರಬಾರದು. ‘ನೀವು ಕಂಡವನು ಇಲ್ಲಿ ಇರಬಹುದು, ಇಲ್ಲದಿರಬಹುದು’ ಎಂದು ಸಾಕ್ಷಿಗೆ ಮೊದಲೇ ಹೇಳಿ. ಗುರುತಿಸಿದ ಕೂಡಲೇ ಎಷ್ಟು ಖಚಿತ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅದಕ್ಕೂ ಮೊದಲು ‘ಸರಿಯಾಗಿ ಹೇಳಿದಿರಿ’ ಎಂದರೆ ಮುಗಿಯಿತು, ‘ಅನ್ನಿಸುತ್ತೆ’ ಎಂದವರು ‘ಖಂಡಿತ ಇವನೇ’ ಎನ್ನತೊಡಗುತ್ತಾರೆ. ಬೇರೆ ಜನಾಂಗದವರ ಮುಖ ಗುರುತಿಸುವುದರಲ್ಲಿ ಜನ ಸಾಮಾನ್ಯವಾಗಿ ಹೆಚ್ಚು ಎಡವುತ್ತಾರೆ. ಅಂಥ ಗುರುತನ್ನು ಬೇರೆ ಸಾಕ್ಷ್ಯವಿಲ್ಲದೆ ನೆಚ್ಚಬೇಡಿ.

ಪ್ರಕರಣದ ನಡುವೆಯೇ ವಾಲಿದ್ದೇವೆ ಎನ್ನಿಸಿದರೆ ಹಳೆಯ ಟಿಪ್ಪಣಿ ಹರಿಯಬೇಡಿ, ತಿದ್ದಬೇಡಿ. ದಿನಾಂಕ ಹಾಕಿ ಕೆಳಗೆ ಹೊಸದಾಗಿ ಬರೆಯಿರಿ. ಪ್ರಕರಣ ಗೊತ್ತಿಲ್ಲದ ಸಹೋದ್ಯೋಗಿಗೆ ಕಡತ ಕೊಡಿ: ಹೇಳಿಕೆಗಳು, ಫೋಟೊಗಳು, ವರದಿಗಳು ಮಾತ್ರ. ನಿಮ್ಮ ಸಾರಾಂಶದ ಹಾಳೆಯನ್ನು ತೆಗೆದಿಟ್ಟುಕೊಳ್ಳಿ; ಅವರು ತಮ್ಮ ಊಹೆಗಳನ್ನು ಬರೆದು ಮುಗಿಸಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.