ಇದೆಂಥಾ ಹಿಸಾಬ್ ರೀ ಸಿಸ್ಟರ್?

ಹೀಗಂತ ಕೇಳಿದ್ದು ಆಳಂದ ಕಡೆಯ ಒಬ್ಬ ರೈತ. ಹೆಂಡತಿ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದು ಎಂಟು ದಿನ ಆಗಿತ್ತು. ಬಂದಾಗ 9.6 ಇದ್ದ ಹಿಮೋಗ್ಲೋಬಿನ್ ಅವತ್ತು 6.8. ಎಲ್ಲೂ ರಕ್ತಸ್ರಾವ ಇಲ್ಲ. "ದಿನಾ ನೀವೇ ಸಿರಿಂಜ್‌ಗಟ್ಟಲೆ ತೆಗಿತೀರಿ, ಈಗ ಒಂದ್ ಬಾಟ್ಲಿ ರಕ್ತ ತಂದ್ ಕೊಡ್ರಿ ಅಂತೀರಿ. ಇದೆಂಥಾ ಹಿಸಾಬ್ ರೀ ಸಿಸ್ಟರ್?" ಡೋನರ್‌ಗಾಗಿ ಊರಿಗೆ ಫೋನ್ ಹಚ್ಚಿ ಹಚ್ಚಿ ಸಾಕಾಗಿತ್ತು ಅವರಿಗೆ.

ಕಲಬುರಗಿಯಲ್ಲಿ ಐಸಿಯು ನರ್ಸ್ ಆಗಿ ನನಗೆ ಆಗಲೇ ಹನ್ನೊಂದು ವರ್ಷ, ಆದ್ರೂ ಉತ್ತರ ಬಾಯಿಗೆ ಬರಲಿಲ್ಲ. ಅವತ್ತು ನೈಟ್ ಡ್ಯೂಟಿ. ಎರಡು ಗಂಟೆ ಸುಮಾರಿಗೆ ವಾರ್ಡ್ ತಣ್ಣಗಾದ ಮೇಲೆ ಆಕೆಯ ಕೇಸ್ ಶೀಟ್ ತೆಗೆದು ಒಂದು ದಿನದ ಲೆಕ್ಕ ಹಾಕಿದೆ. ಟೆಸ್ಟಿಗೆ ತಕ್ಕಂತೆ ಟ್ಯೂಬಿನ ಮುಚ್ಚಳದ ಬಣ್ಣ ಬೇರೆ. ಬೆಳಿಗ್ಗೆ ಪರ್ಪಲ್ ಟ್ಯೂಬ್ 3 ಎಂಎಲ್, ರೆಡ್ 4, ಬ್ಲೂ 2.7. ಸಂಜೆ ಮತ್ತೆ ಪರ್ಪಲ್, ರೆಡ್. ಎಬಿಜಿ, ಅಂದ್ರೆ ರಕ್ತದಲ್ಲಿನ ಆಕ್ಸಿಜನ್ ನೋಡೋ ಟೆಸ್ಟ್, ನಾಲ್ಕು ಸಲ, ಸಲಕ್ಕೆ 2. ಆಮೇಲೆ ನಾವ್ಯಾರೂ ಲೆಕ್ಕಕ್ಕೇ ಹಿಡಿಯದ್ದೊಂದಿದೆ. ಅಪಧಮನಿಯೊಳಗೆ ಹಾಕಿಟ್ಟ ಸಣ್ಣ ನಳಿಕೆ, ಅಂದ್ರೆ ಆರ್ಟೀರಿಯಲ್ ಲೈನಿಂದ ತೆಗೆಯುವಾಗ ಸಲೈನ್ ಬೆರೆತಿರುತ್ತೆ ಅಂತ ಮೊದಲ 5 ಎಂಎಲ್ ಚೆಲ್ಲುತ್ತೇವಲ್ಲ, ಅದು ನಾಲ್ಕು ಸಲಕ್ಕೆ 20. ಒಟ್ಟು 44.7. ಎಂಟು ದಿನಕ್ಕೆ ಸುಮಾರು 358. ರಕ್ತನಿಧಿಯಿಂದ ಬರೋ ಬ್ಯಾಗಿಗೆ ದಾನಿಯಿಂದ ತೆಗೆಯೋದು 350!

ನಲವತ್ತು ಕೆಜಿ ಹೆಣ್ಣುಮಗಳು, ಮೈಯಲ್ಲಿರೋದೇ ಎರಡೂವರೆ ಲೀಟರ್ ಚಿಲ್ಲರೆ. ಬೇನೆಯಲ್ಲಿ ಹೊಸ ರಕ್ತ ಹುಟ್ಟೋದೂ ಕಮ್ಮಿ, ಸಲೈನ್‌ನಿಂದ ತೆಳುವಾಗೋದೂ ಉಂಟು, ಎಲ್ಲಾ ಸಿರಿಂಜ್ ಮೇಲೆ ಹಾಕೋಕಾಗಲ್ಲ. ಆದ್ರೂ ಆ ಮನುಷ್ಯನ ಹಿಸಾಬ್ ಸರಿ ಇತ್ತು.

ಮೊದಲು ಮಾಡಿದ್ದು ಒಂದು ಮೂರ್ಖತನ. ಉಳಿಸೋ ಹುರುಪಲ್ಲಿ ಬ್ಲೂ ಟ್ಯೂಬನ್ನ ಅರ್ಧ ತುಂಬಿಸಿ ಕಳಿಸಿದೆ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುತ್ತೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ರಕ್ತ ಕಡಿಮೆಯಾದರೆ, ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸೋ ಐಎನ್‌ಆರ್ ಸುಳ್ಳೇ ಜಾಸ್ತಿ ಬರುತ್ತೆ. ಲ್ಯಾಬ್‌ನವರು ಫೋನ್ ಮಾಡಿ ಬೈದರು, ಮತ್ತೆ ಚುಚ್ಚಿ ತೆಗೆದೆ. ಉಳಿತಾಯ ಹೋಗಿ ಮೇಲೆ ದಂಡ. ದೊಡ್ಡ ಟ್ಯೂಬನ್ನ ಕಮ್ಮಿ ತುಂಬಿಸೋ ಕೆಲಸ ಮಾಡಬೇಡಿ, ಟ್ಯೂಬೇ ಸಣ್ಣದು ತರಿಸಿ.

ಮಕ್ಕಳ ವಾರ್ಡಿನ ಅರ್ಧ ಎಂಎಲ್ ಟ್ಯೂಬ್ ಬಳಸೋಣ ಅಂದ್ರೆ ಅದು ಮಷಿನ್ ರ‍್ಯಾಕಲ್ಲಿ ಕೂರಲ್ಲ, ಟೆಕ್ನಿಷಿಯನ್ ಒಂದೊಂದೇ ಕೈಯಲ್ಲಿ ಹಿಡಿದು ಹಾಕಬೇಕು. ಹೊರ ಅಳತೆ ಅದೇ ಇದ್ದು ಒಳಗೆ 2 ಎಂಎಲ್ ಹಿಡಿಯೋದು ಸಿಕ್ಕಿತು, ಬ್ಲೂದಲ್ಲಿ 1.8. "ಸ್ಯಾಂಪಲ್ ಸಾಲಲ್ಲ" ಅಂತ ಲ್ಯಾಬ್ ತಕರಾರು ಇದ್ದೇ ಇತ್ತು. ನಮ್ಮ ಡಾಕ್ಟರು ಕೆನಡಾದ 25 ಐಸಿಯುಗಳ ಅಧ್ಯಯನ ತೋರಿಸಿದರು, 2023ರದ್ದು. ಸಣ್ಣ ಟ್ಯೂಬ್ ಹಾಕಿದರೂ ಸ್ಯಾಂಪಲ್ ಸಾಲದೆ ಹೋಗಿದ್ದು ತೀರಾ ಅಪರೂಪ. ರೋಗಿಗಳಿಗೆ ರಕ್ತ ಕೊಡೋದು ಎಷ್ಟು ಇಳಿಯಿತು ಅನ್ನೋದರಲ್ಲಿ ಮಾತ್ರ ಅವರ ಮುಖ್ಯ ಲೆಕ್ಕ ಖಚಿತ ಉತ್ತರ ಕೊಡಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಿದರು.

ಟ್ಯೂಬ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ಪೆನ್ನು. ಇನ್‌ಟೇಕ್-ಔಟ್‌ಪುಟ್ ಚಾರ್ಟಲ್ಲಿ ಮೂತ್ರ, ಡ್ರೇನ್ ಎಲ್ಲಾ ಬರೀತೀವಿ. ಅದರ ಪಕ್ಕ ಸ್ಕೇಲಿಟ್ಟು ಒಂದು ಗೆರೆ ಎಳೆದು "ತೆಗೆದ ರಕ್ತ" ಅಂತ ಬರೆದೆ, ಚೆಲ್ಲಿದ್ದೂ ಸೇರಿಸಿ. ರೌಂಡ್ಸಲ್ಲಿ ಡಾಕ್ಟರ ಕಣ್ಣಿಗೆ "48" ಅಂತ ಬಿದ್ದಾಗ "ಇಷ್ಟಾ?" ಅಂತ ಅವರೇ ಕೇಳೋಕೆ ಶುರು ಮಾಡಿದರು. ಕೇಸ್ ಶೀಟಲ್ಲಿ "ದಿನಾ ಸಿಬಿಸಿ, ಆರ್‌ಎಫ್‌ಟಿ" (ರಕ್ತಕಣ, ಕಿಡ್ನಿ ಟೆಸ್ಟ್) ಅಂತ ಒಮ್ಮೆ ಬರೆದು ಬಿಟ್ಟರೆ ಡಿಸ್ಚಾರ್ಜ್ ತನಕ ನಡೀತಾ ಇರುತ್ತಿತ್ತು. ಈಗ "ಸರ್, ನಾಳೆ ಯಾವುದು ಬೇಕ್ರೀ?" ಅಂತ ದಿನಾ ಕೇಳ್ತೀನಿ. ಮಧ್ಯಾಹ್ನ ಇನ್ನೊಂದು ಟೆಸ್ಟ್ ನೆನಪಾದರೆ ಬೆಳಗಿನ ಸ್ಯಾಂಪಲ್ ಲ್ಯಾಬಲ್ಲಿ ಇದೆಯಾ ಅಂತ ಮೊದಲು ವಿಚಾರಿಸ್ತೀನಿ, ಎಷ್ಟೋ ಸಲ ಅದರಲ್ಲೇ ಆಗುತ್ತೆ. ಎಬಿಜಿಗೆ 1 ಎಂಎಲ್ ಸಾಕು. ಬೇರೆ ಬೇರೆ ಹೊತ್ತಿಗೆ ತೆಗೆಯೋದನ್ನ ಒಂದೇ ಸಲಕ್ಕೆ ಸೇರಿಸಿದರೆ ಚೆಲ್ಲೋದೂ ಒಂದೇ ಸಲ. ಆ 5ನ್ನೂ 3ಕ್ಕೆ ಇಳಿಸಿದೆವು, ನಮ್ಮ ಲೈನಲ್ಲಿ ತ್ರೀವೇ (ಸಿರಿಂಜ್ ಹಚ್ಚೋ ತಿರುಪು) ತನಕ ಒಂದು ಎಂಎಲ್ಲೂ ಹಿಡಿಯಲ್ಲ. ಚೆಲ್ಲೋದನ್ನ ವಾಪಸ್ ಹಾಕೋ ಕ್ಲೋಸ್ಡ್ ಸೆಟ್ ಬರುತ್ತೆ, ನಮ್ಮಲ್ಲಿ ಅದಕ್ಕೆ ದುಡ್ಡಿಲ್ಲ. ತೆರೆದ ಸಿರಿಂಜಿಂದ ವಾಪಸ್ ಹಾಕೋಕೆ ಇನ್ಫೆಕ್ಷನ್, ಹೆಪ್ಪಿನ ಭಯ, ಅದಕ್ಕೆ ಕೈ ಹಾಕಿಲ್ಲ.

ಜಿಪುಣತನ ಮಾಡಬಾರದ ಜಾಗಗಳೂ ಇವೆ. ಬ್ಲಡ್ ಕಲ್ಚರ್ ಬಾಟ್ಲಿಗೆ ದೊಡ್ಡವರಿಗೆ 8ರಿಂದ 10 ಎಂಎಲ್ ಹಾಕಲೇಬೇಕು, ಕಮ್ಮಿಯಾದರೆ ಕ್ರಿಮಿ ಸಿಗಲ್ಲ. ತೊಗರಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವರಿಗೆ ಗಾಜಿನ ಟ್ಯೂಬಲ್ಲಿ 2 ಎಂಎಲ್ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪು ನೋಡ್ತೀವಿ. ಅದನ್ನ ಎಷ್ಟು ಸಲ ಮಾಡಬೇಕೋ ಅಷ್ಟು ಸಲ ಮಾಡಲೇಬೇಕು.

ಈಗ ನಮ್ಮ ಕಾಲಮ್ಮಲ್ಲಿ ಸಾಮಾನ್ಯವಾಗಿ 15, 20 ಇರುತ್ತೆ. ಹೊಸ ಹುಡುಗರು ಡ್ಯೂಟಿಗೆ ಬಂದ ತಿಂಗಳು ಮತ್ತೆ ಏರುತ್ತೆ. ಹೋದ ವಾರ ಸ್ಟೋರ್‌ನಿಂದ ಮತ್ತೆ 4 ಎಂಎಲ್ ರೆಡ್ ಟ್ಯೂಬಿನ ಎರಡು ಬಾಕ್ಸ್ ಬಂದಿವೆ. ವಾಪಸ್ ಕಳಿಸಿ ಇಂಡೆಂಟ್ ಬರೆದಿದ್ದೀನಿ, ನೋಡೋಣ.