ಹವಳದ ದ್ವೀಪಕ್ಕೆ ಹೊರಟಿದ್ದೀರಾ? ಮೊದಲು ಪರ್ಮಿಟ್, ಆಮೇಲೆ ಟಿಕೆಟ್

ಲಕ್ಷದ್ವೀಪದ ಫೋಟೋ ನೋಡಿದ ಕೂಡಲೇ ನಾವೆಲ್ಲ ಮಾಡುವ ಕೆಲಸ ಒಂದೇ: ವಿಮಾನದ ಟಿಕೆಟ್ ಹುಡುಕುವುದು. ಮೊದಲ ಸಲ ನಾನೂ ಅದನ್ನೇ ಮಾಡಿದೆ. ಟಿಕೆಟ್ ಸಿಕ್ಕಿತು, ಪರ್ಮಿಟ್ ಬರಲಿಲ್ಲ. ಕ್ಯಾನ್ಸಲ್ ಮಾಡಿದ ಮೇಲೆ ವಾಪಸ್ ಬಂದ ದುಡ್ಡಿನಲ್ಲಿ ಮನೆಮಂದಿ ಒಂದು ಸಲ ಮಸಾಲೆ ದೋಸೆ ತಿಂದೆವು, ಅಷ್ಟೇ.

ಪರ್ಮಿಟ್

ಲಕ್ಷದ್ವೀಪ ನಮ್ಮ ದೇಶದ್ದೇ, ಆದರೂ ಹೊರಗಿನವರು ಸುಮ್ನೆ ಹೋಗಿ ಇಳಿಯುವ ಹಾಗಿಲ್ಲ. ಒಟ್ಟು 36 ದ್ವೀಪಗಳು, ಜನ ಇರುವುದು 10ರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ ಸುಮಾರು 32 ಚದರ ಕಿ.ಮೀ. ಅರ್ಜಿಯ ಜೊತೆ ಗುರುತಿನ ಚೀಟಿ, ಫೋಟೋ ಮತ್ತು ಸಾಮಾನ್ಯವಾಗಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾರೆ. ಪೊಲೀಸ್ ಸರ್ಟಿಫಿಕೇಟಿಗೇ ಜಾಸ್ತಿ ದಿನ ಹಿಡಿಯುತ್ತದೆ, ಅದನ್ನೇ ಮೊದಲು ಶುರುಮಾಡಿ. ಯಾವ ದ್ವೀಪಕ್ಕೆ ಹೋಗುತ್ತೀರೋ ಅದರ ಹೆಸರು ಪರ್ಮಿಟ್‌ನಲ್ಲಿ ಇರಬೇಕು. ಪ್ಯಾಕೇಜ್‌ನಲ್ಲಿ ಹೋದರೆ ಓಡಾಟ ಕಡಿಮೆ.

ತಿಂಗಳು, ದಾರಿ

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋಗಿ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ನೀರಿನ ಆಟವೆಲ್ಲ ಬಂದ್. ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ. ಬರುವುದು ಸಣ್ಣ ವಿಮಾನ, ಮದುವೆಗೆ ಹೊರಟವರ ಹಾಗೆ ಸೂಟ್‌ಕೇಸ್ ತುಂಬಬೇಡಿ. ಕೊಚ್ಚಿಯಿಂದ ಹಡಗೂ ಇದೆ, ಯಾವ ದ್ವೀಪ ಅನ್ನುವುದರ ಮೇಲೆ 14ರಿಂದ 20 ಗಂಟೆ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಹೋಗುವಾಗ ಹಡಗು, ಬರುವಾಗ ವಿಮಾನ. ವಾಂತಿ ಮಾತ್ರೆಯನ್ನು ಹಡಗು ಹತ್ತುವ ಮೊದಲೇ ನುಂಗಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಕೆಲವು ದ್ವೀಪಗಳಲ್ಲಿ ಹಡಗು ದೂರದಲ್ಲೇ ನಿಲ್ಲುತ್ತದೆ, ಅಲೆಯ ಮೇಲೆ ಕುಣಿಯುವ ದೋಣಿಗೆ ಇಳಿಯಬೇಕು. ಎರಡೂ ಕೈ ಖಾಲಿ ಇರಲಿ.

ಹೋಗುವ ಮೊದಲು ಒಂದು ವಿಷಯ ಗೊತ್ತಿರಲಿ. ಅಮಿನಿ, ಕಡಮತ್ತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು.

ನೀರಿಗೆ ಇಳಿಯುವುದು

ಇಲ್ಲಿ ಮಾತ್ರ ಅವಸರ ಬೇಡ. ಅಗತ್ತಿ, ಕಡಮತ್ತ್, ಕವರತ್ತಿಗಳಲ್ಲಿ ಲಗೂನ್, ಅಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ಕಡಲು, ಇರುವುದು ಪಶ್ಚಿಮಕ್ಕೆ. ಹವಳದ ದಂಡೆ ಅಲೆಗಳನ್ನು ಹೊರಗೇ ತಡೆಯುತ್ತದೆ, ಒಳಗಿನ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ. ಪೂರ್ವದ ಕಡೆ ದಂಡೆ ದಾಟಿದರೆ ಆಳ, ಅಲ್ಲಿ ಇಳಿಯಬೇಡಿ.

ಬೆಳಿಗ್ಗೆ ಎದ್ದು ದೋಣಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ಉಬ್ಬರ ಎಷ್ಟು ಹೊತ್ತಿಗೆ? ದಿನವೂ ಅದು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಇಳಿತದ ಹೊತ್ತಲ್ಲಿ ಸ್ನಾರ್ಕೆಲ್ ಮಾಡಿದರೆ (ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು, ಮುಖ ನೀರಲ್ಲಿಟ್ಟು ಈಜಿದರೆ) ಹವಳಕ್ಕೆ ಮೊಣಕಾಲು ತರಚುತ್ತದೆ. ನಿಮ್ಮ ಗಾಯ ವಾರದಲ್ಲಿ ಮಾಯುತ್ತದೆ, ಮುರಿದ ಹವಳ ಮತ್ತೆ ಅಷ್ಟಾಗಲು ವರ್ಷಗಳೇ ಬೇಕು. ಹಾಗಾಗಿ ಸುಸ್ತಾದರೆ ಹವಳದ ಮೇಲೆ ನಿಲ್ಲಬೇಡಿ, ಅಂಗಾತ ತೇಲಿ. ಈ ತೇಲುವುದನ್ನು ಊರಿನ ಈಜುಕೊಳದಲ್ಲೇ ಅಭ್ಯಾಸ ಮಾಡಿಕೊಂಡು ಬನ್ನಿ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಟೀ ಶರ್ಟ್ ಹಾಕಿಕೊಳ್ಳಿ. ಕೆಲವು ಕ್ರೀಮುಗಳು ಹವಳಕ್ಕೆ ಒಳ್ಳೆಯದಲ್ಲ.

ಮುಖ ನೀರಲ್ಲಿ ಮುಳುಗಿಸಿ ಒಂದು ನಿಮಿಷ ಕೈಕಾಲು ಆಡಿಸದೆ ಇರಿ. ಚಟಪಟ ಅಂತ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆ. ಬೆರಳಷ್ಟು ಉದ್ದದ ಸಿಗಡಿಗಳು ಕೊಂಡಿ ಬಡಿಯುವ ಸದ್ದು ಅದು. ಜೊತೆಗೆ ಕಟಕಟ ಅಂತ ಕಡಿಯುವ ಸದ್ದು ಬಂದರೆ ಅದು ಪ್ಯಾರಟ್ ಫಿಶ್. ಗಿಳಿಕೊಕ್ಕಿನಂಥ ಬಾಯಿಯಿಂದ ಹವಳದ ಕಲ್ಲು ಕೆರೆದು ಪಾಚಿ ತಿನ್ನುತ್ತದೆ. ಅರೆದ ಕಲ್ಲು ಹಿಂದಿನಿಂದ ಬಿಳಿ ಹೊಗೆಯ ಹಾಗೆ ಹೊರಗೆ ಬರುತ್ತದೆ. ನೀವು ಸೆಲ್ಫಿ ತೆಗೆದುಕೊಂಡ ಬಿಳಿ ಮರಳಿನಲ್ಲಿ ಅದರ ಪಾಲು ಎಷ್ಟೋ! ಮಕ್ಕಳಿಗೆ ಹೇಳಿ ನೋಡಿ, ದಿನವಿಡೀ ನಗುತ್ತಾರೆ.

ದಡದ ಮೇಲೆ

ಹೊಳೆ, ಹಳ್ಳ ಯಾವುದೂ ಇಲ್ಲ. ಮಳೆನೀರು ನೆಲದಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಂತಿರುತ್ತದೆ, ಬಾವಿಯಲ್ಲಿ ಸಿಗುವುದು ಅದೇ. ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿ. ತರಕಾರಿ ದೂರದಿಂದ ಹಡಗಿನಲ್ಲಿ ಬರಬೇಕು, ಹಾಗಾಗಿ ಸಸ್ಯಾಹಾರಿಗಳ ಬ್ಯಾಗಿನಲ್ಲಿ ಚಟ್ನಿಪುಡಿ ಇರಲಿ. ಮೀನು ತಿನ್ನುವವರಿಗೆ ಟ್ಯೂನಾ ಇದೆ, ಚಿಂತೆಯಿಲ್ಲ. ಊರಿನೊಳಗೆ ಈಜುಡುಗೆಯಲ್ಲಿ ತಿರುಗಬೇಡಿ. ಮದ್ಯ ಒಯ್ಯಬೇಡಿ. ನಗದು ಇಟ್ಟುಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಮಕ್ಕಳ ಜೇಬು ನೋಡಿ. ದಡದಲ್ಲಿ ಬಿದ್ದಿದ್ದ ಹವಳದ ಚೂರಾದರೂ ಸರಿ, ತರುವ ಹಾಗಿಲ್ಲ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೇಸ್ ಆಗುತ್ತದೆ. ಇನ್ನೊಂದು, ವಾಪಸ್ ಬಂದ ಮಾರನೇ ದಿನಕ್ಕೇ ಆಫೀಸಿನ ಮೀಟಿಂಗ್ ಒಪ್ಪಿಕೊಳ್ಳಬೇಡಿ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಮ್ಯಾನೇಜರ್ ಫೋನ್ ಮಾಡಿದರೂ ಬಿಡುವುದಿಲ್ಲ.